ಸೋಮನಾಥಪುರದ ಗೋಡೆಗೆ ಇಷ್ಟೊಂದು ಮೂಲೆಗಳು ಯಾಕೆ?

2023ರ ಸೆಪ್ಟೆಂಬರ್ 18ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಸೇರಿದ್ದ ಯುನೆಸ್ಕೋದ ವಿಶ್ವ ಪರಂಪರೆ ಸಮಿತಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಸ್ಥಾನಗಳನ್ನು ಒಟ್ಟಿಗೆ ತನ್ನ ಪಟ್ಟಿಗೆ ಸೇರಿಸಿತು. ಹಂಪಿ, ಪಟ್ಟದಕಲ್ಲು, ಪಶ್ಚಿಮ ಘಟ್ಟಗಳ ನಂತರ ಕರ್ನಾಟಕದಿಂದ ಈ ಪಟ್ಟಿ ಸೇರಿದ್ದು ಇದು ನಾಲ್ಕನೆಯದು. ಬೇಲೂರು, ಹಳೇಬೀಡು ಶಾಲೆಯ ಪ್ರವಾಸದ ಕಾಲದಿಂದಲೇ ಬಹಳ ಜನರಿಗೆ ಪರಿಚಯ. ಸೋಮನಾಥಪುರ ಹಾಗಲ್ಲ. ಮೈಸೂರಿನಿಂದ ತಲಕಾಡಿಗೆ ಹೊರಟವರು ದಾರಿಯಲ್ಲಿ ಇಳಿದು, ಒಂದು ಸುತ್ತು ಹಾಕಿ, ಫೋಟೋ ತೆಗೆದುಕೊಂಡು ಹೋಗುವ ಊರು ಅದು. ಈಗ ಹೆಸರು ಜಾಸ್ತಿ ಕೇಳಿಬರುತ್ತಿದೆ. ಆದರೆ ಅಲ್ಲಿ ಹೋಗಿ ನಿಂತರೆ ಏನು ನೋಡಬೇಕು, ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ತಿಳಿಯುವುದಿಲ್ಲ. "ಅಬ್ಬಾ, ಎಷ್ಟು ಕೆತ್ತನೆ!" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ.

ಕೆತ್ತನೆ ಕಣ್ಣಿಗೆ ಮೊದಲು ಬೀಳುತ್ತದೆ ನಿಜ. ಆದರೆ ಅದಕ್ಕೂ ಮೊದಲು ಕಟ್ಟುವವರು ಎರಡು ವಿಷಯ ತೀರ್ಮಾನಿಸಿದ್ದರು: ಯಾವ ಕಲ್ಲು, ಮತ್ತು ನೆಲದ ಮೇಲೆ ಯಾವ ಆಕಾರ. ಈ ಎರಡು ಗೊತ್ತಾದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಪಟ್ಟಿಗೆ ಸೇರಿದರೆ ಏನಾಗುತ್ತದೆ?

ಮೊದಲು ಒಂದು ಗೊಂದಲ ಬಗೆಹರಿಸೋಣ. ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ ಯುನೆಸ್ಕೋದ ಆಸ್ತಿ ಆಗುವುದಿಲ್ಲ. ಮಾಲೀಕತ್ವ, ಕಾವಲು, ರಿಪೇರಿ, ಖರ್ಚು ಎಲ್ಲವೂ ಆಯಾ ದೇಶದ್ದೇ. "ಇದು ಒಂದು ದೇಶಕ್ಕೆ ಮಾತ್ರ ಸೇರಿದ ಸೊತ್ತಲ್ಲ, ಹಾಳಾಗದಂತೆ ನೋಡಿಕೊಳ್ಳುತ್ತೇವೆ" ಎಂದು ಆ ದೇಶ ಜಗತ್ತಿಗೆ ಮಾತು ಕೊಟ್ಟ ಹಾಗೆ. ಭಾರತ ಈ ದೇವಸ್ಥಾನಗಳನ್ನು 2014ರಲ್ಲೇ ತಾತ್ಕಾಲಿಕ ಪಟ್ಟಿಗೆ, ಅಂದರೆ ಮುಂದೆ ಹೆಸರು ಸೂಚಿಸಲು ದೇಶ ಇಟ್ಟುಕೊಳ್ಳುವ ಪಟ್ಟಿಗೆ, ಹಾಕಿತ್ತು.

ಊರಿನವರಿಗೆ ದಿನನಿತ್ಯ ತಟ್ಟುವ ಕಾನೂನು ಬೇರೆ ಇದೆ. ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಯಾವುದೇ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಪಡೆದೇ ಕಟ್ಟಬೇಕು. ಇದು ಯುನೆಸ್ಕೋ ತಂದ ನಿಯಮವಲ್ಲ, ನಮ್ಮದೇ ದೇಶದ ಕಾಯ್ದೆ. ದೇವಸ್ಥಾನದ ಪಕ್ಕದಲ್ಲೇ ಮನೆ ಇರುವವರಿಗೆ ಇದರ ಬಿಸಿ ಏನೆಂದು ಗೊತ್ತು.

ಕಟ್ಟಿಸಿದವನು ರಾಜನಲ್ಲ

ಹೊಯ್ಸಳರು ಮಲೆನಾಡಿನವರು. ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ ಅವರ ಮೂಲ ನೆಲೆ. ಆಗ ಅದಕ್ಕೆ ಸೊಸೆವೂರು ಎಂಬ ಹೆಸರಿತ್ತು. ಬಹಳ ಕಾಲ ಕಲ್ಯಾಣದ ಚಾಲುಕ್ಯರ ಕೈಕೆಳಗಿದ್ದರು. ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ ಮೇಲೆ ಅವರ ದೆಸೆ ತಿರುಗಿತು. 1117ರಲ್ಲಿ ಅವನು ಬೇಲೂರಿನಲ್ಲಿ ದೊಡ್ಡ ವಿಷ್ಣು ದೇವಸ್ಥಾನ ಕಟ್ಟಿಸಿದ. ರಾಜಧಾನಿ ದೋರಸಮುದ್ರ, ಅಂದರೆ ಇವತ್ತಿನ ಹಳೇಬೀಡು.

ಸೋಮನಾಥಪುರದ ಕತೆ ಇದಾಗಿ ಒಂದೂವರೆ ಶತಮಾನದ ನಂತರದ್ದು. 1254ರಲ್ಲಿ ಹೊಯ್ಸಳ ರಾಜ ಸೋಮೇಶ್ವರ ತನ್ನ ರಾಜ್ಯವನ್ನು ಇಬ್ಬರು ಮಕ್ಕಳಿಗೆ ಹಂಚಿದ. ತಮಿಳು ಭಾಗ ರಾಮನಾಥನಿಗೆ, ಕನ್ನಡ ಭಾಗ ಮೂರನೇ ನರಸಿಂಹನಿಗೆ. ಈ ನರಸಿಂಹನ ದಂಡನಾಯಕರಲ್ಲಿ ಒಬ್ಬ ಸೋಮನಾಥ. ದಂಡನಾಯಕ ಅಂದರೆ ಬರೀ ಸೇನಾಪತಿಯಲ್ಲ. ಆಡಳಿತವನ್ನೂ ನೋಡಿಕೊಳ್ಳುತ್ತಿದ್ದ ದೊಡ್ಡ ಅಧಿಕಾರಿ. ಅವನು ಕಾವೇರಿಯ ದಡದಲ್ಲಿ ತನ್ನ ಹೆಸರಿನಲ್ಲೇ ಒಂದು ಅಗ್ರಹಾರ ಮಾಡಿದ. ಅಗ್ರಹಾರ ಅಂದರೆ ವಿದ್ವಾಂಸರಾದ ಬ್ರಾಹ್ಮಣರಿಗೆ ಜಮೀನು, ಆದಾಯ ಬಿಟ್ಟುಕೊಟ್ಟು ನೆಲೆಗೊಳಿಸಿದ ಊರು. ಆ ಊರಿನ ನಡುವೆ ಎದ್ದದ್ದು ಕೇಶವ ದೇವಸ್ಥಾನ. ದೇವರ ಪ್ರತಿಷ್ಠೆ ಆದದ್ದು 1268ರಲ್ಲಿ. ಒಳಗೆ ಹೋಗುವ ಮಹಾದ್ವಾರದಲ್ಲೇ ದೊಡ್ಡದೊಂದು ಶಾಸನದ ಕಲ್ಲು ನಿಂತಿದೆ. ಈ ವಿವರಗಳಲ್ಲಿ ಬಹುಪಾಲು ನಮಗೆ ಸಿಕ್ಕಿರುವುದು ಅಲ್ಲಿಂದ. ಹೆಚ್ಚಿನವರು ಅದರ ಪಕ್ಕದಲ್ಲೇ ಹಾದು ಒಳಗೆ ನುಗ್ಗುತ್ತಾರೆ.

ಅಧಿಕಾರಿಯೊಬ್ಬ ಇಷ್ಟು ದೊಡ್ಡ ಕೆಲಸಕ್ಕೆ ಯಾಕೆ ಕೈಹಾಕಿದ? ಭಕ್ತಿ ಒಂದು ಕಾರಣ, ಹೆಸರು ಉಳಿಯಲಿ ಅನ್ನುವುದು ಇನ್ನೊಂದು. ಜೊತೆಗೆ ಆ ಕಾಲದಲ್ಲಿ ದೇವಸ್ಥಾನ ಪೂಜೆಗೆ ಮಾತ್ರ ಇದ್ದದ್ದಲ್ಲ. ಅದಕ್ಕೆ ಹೊಲಗದ್ದೆ ಇರುತ್ತಿತ್ತು, ಆದಾಯ ಇರುತ್ತಿತ್ತು, ಅದನ್ನು ನಂಬಿ ಬದುಕುವ ಜನ ಇರುತ್ತಿದ್ದರು. ದೇವಸ್ಥಾನ ಎದ್ದರೆ ಅದರ ಸುತ್ತ ಊರೂ ಬೆಳೆಯುತ್ತಿತ್ತು.

ಒಳಗಿನ ಜೋಡಣೆ

ಮಹಾದ್ವಾರ ಪೂರ್ವಕ್ಕಿದೆ. ದಾಟಿದ ಕೂಡಲೇ ದೊಡ್ಡ ಅಂಗಳ. ಅದರ ಸುತ್ತ ಕಂಬಸಾಲಿನ ಕೈಸಾಲೆ, ಅದಕ್ಕೆ ಹೊಂದಿಕೊಂಡು 64 ಸಣ್ಣ ಗುಡಿಗಳು. ನಡುವೆ ಸುಮಾರು ಮೂರು ಅಡಿ ಎತ್ತರದ ಕಟ್ಟೆ. ಈ ಕಟ್ಟೆಗೆ ಜಗತಿ ಅನ್ನುತ್ತಾರೆ. ದೇವಸ್ಥಾನ ನಿಂತಿರುವುದು ಜಗತಿಯ ಮೇಲೆ.

ದೇವಸ್ಥಾನದ ಭಾಗಗಳು ಸುಲಭ. ದೇವರು ಇರುವ ಕೋಣೆ ಗರ್ಭಗುಡಿ. ಅದರ ಮುಂದಿನ ಸಣ್ಣ ಕೋಣೆ ಶುಕನಾಸಿ. ಆಮೇಲೆ ಕಂಬಗಳಿರುವ ನವರಂಗ, ಅದಕ್ಕೂ ಮುಂದೆ ಜನ ಸೇರುವ ಮಂಟಪ. ಗರ್ಭಗುಡಿ ಒಂದೇ ಇದ್ದರೆ ಏಕಕೂಟ, ಎರಡಿದ್ದರೆ ದ್ವಿಕೂಟ, ಮೂರಿದ್ದರೆ ತ್ರಿಕೂಟ. ಹಳೇಬೀಡಿನದು ದ್ವಿಕೂಟ, ಹಾಸನದ ಹತ್ತಿರದ ದೊಡ್ಡಗದ್ದವಳ್ಳಿಯಲ್ಲಿ ನಾಲ್ಕು ಗರ್ಭಗುಡಿಗಳಿವೆ. ಸೋಮನಾಥಪುರದ್ದು ತ್ರಿಕೂಟ. ಪಶ್ಚಿಮದಲ್ಲಿ ಕೇಶವ, ಉತ್ತರದಲ್ಲಿ ಜನಾರ್ದನ, ದಕ್ಷಿಣದಲ್ಲಿ ವೇಣುಗೋಪಾಲ. ಮೂವರಿಗೂ ನವರಂಗ ಒಂದೇ.

ಗರ್ಭಗುಡಿಯ ಸುತ್ತ ಒಳಗಿನಿಂದ ಪ್ರದಕ್ಷಿಣೆ ಹಾಕಲು ಇಲ್ಲಿ ದಾರಿ ಇಲ್ಲ. ಹಾಗಾದರೆ ಪ್ರದಕ್ಷಿಣೆ ಎಲ್ಲಿ? ಹೊರಗೆ, ಜಗತಿಯ ಮೇಲೆ. ಭಕ್ತರು ಹೊರಗಿನಿಂದ ಸುತ್ತುತ್ತಾರೆ ಎಂದಾದರೆ ಅವರ ಕಣ್ಣಿಗೆ ಬೀಳುವುದು ಹೊರಗೋಡೆ. ಕೆತ್ತನೆ ಎಲ್ಲ ಅಲ್ಲೇ ಬಂದು ತುಂಬಿಕೊಂಡದ್ದಕ್ಕೆ ಇದೂ ಒಂದು ಕಾರಣ.

ನಕ್ಷತ್ರ ಬಂದದ್ದು ಚೌಕದಿಂದ

ಈಗ ಮೂಲೆಗಳ ವಿಷಯಕ್ಕೆ ಬರೋಣ. ಸೋಮನಾಥಪುರದ ಮೂರೂ ಗರ್ಭಗುಡಿಗಳ ಹೊರ ಆಕಾರ ಹದಿನಾರು ಮೂಲೆಗಳ ನಕ್ಷತ್ರ. ಜಗತಿಯೂ ಅದೇ ಆಕಾರವನ್ನು ಹಿಂಬಾಲಿಸುತ್ತದೆ. ನೋಡಿದರೆ ತಲೆ ತಿರುಗುವ ಲೆಕ್ಕ ಅನಿಸುತ್ತದೆ, ಆದರೆ ಮಾಡುವುದು ಸುಲಭ. ಒಂದು ಚೌಕ ಬರೆಯಿರಿ. ಅದರ ನಡುಬಿಂದುವನ್ನು ಕದಲಿಸದೆ ಚೌಕವನ್ನು ಇಪ್ಪತ್ತೆರಡೂವರೆ ಡಿಗ್ರಿ ತಿರುಗಿಸಿ ಮತ್ತೆ ಬರೆಯಿರಿ. ಇನ್ನೂ ಎರಡು ಸಲ ಹಾಗೇ ಮಾಡಿ. ಒಟ್ಟು ನಾಲ್ಕು ಚೌಕ, ಒಂದೊಂದಕ್ಕೆ ನಾಲ್ಕು ಮೂಲೆ, ಹದಿನಾರು ಮೂಲೆ ಸಿಕ್ಕಿತು. ಒಳಗಿನ ಗೆರೆಗಳನ್ನು ಅಳಿಸಿದರೆ ಉಳಿಯುವುದು ನಕ್ಷತ್ರ. ನೆಲದ ಮೇಲೆ ಒಂದು ಗೂಟ, ಒಂದು ಹಗ್ಗ ಇದ್ದರೆ ಸಾಕು, ಇದನ್ನು ಗುರುತು ಹಾಕಬಹುದು.

ಇದರಿಂದ ಏನು ಲಾಭ? ಸೀರೆಯ ನೆರಿಗೆ ನೆನಪಿಸಿಕೊಳ್ಳಿ. ಅಂಗೈ ಅಗಲದ ಜಾಗದಲ್ಲಿ ಎಷ್ಟೊಂದು ಬಟ್ಟೆ ಹಿಡಿಸುತ್ತದೆ ಅಲ್ವಾ? ಗೋಡೆಯದೂ ಅದೇ ಕತೆ. ಹದಿನಾರು ಮೂಲೆಗಳನ್ನು ಮುಟ್ಟುವ ಹಾಗೆ ಒಂದು ವೃತ್ತ ಎಳೆದು, ಅದರ ಉದ್ದಕ್ಕೂ ದುಂಡನೆಯ ಗೋಡೆ ಕಟ್ಟಿದರೆ ಎಷ್ಟು ಉದ್ದ ಬರುತ್ತದೋ, ಈ ನಕ್ಷತ್ರದ ಗೋಡೆ ಅದಕ್ಕಿಂತ ಸುಮಾರು ಐದರಲ್ಲಿ ಒಂದು ಪಾಲು ಜಾಸ್ತಿ ಉದ್ದ ಇರುತ್ತದೆ. ಅಷ್ಟು ಹೆಚ್ಚು ಜಾಗ ಶಿಲ್ಪಿಗೆ ಸಿಕ್ಕಿತು.

ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಲಾಭ ಬೆಳಕಿನದು. ಚಪ್ಪಟೆ ಗೋಡೆಯ ಮೇಲೆ ಬಿಸಿಲು ಬಿದ್ದರೆ ಎಲ್ಲದರ ಮೇಲೂ ಒಂದೇ ಸಮ ಬೀಳುತ್ತದೆ, ಉಬ್ಬುತಗ್ಗು ಎದ್ದು ಕಾಣುವುದಿಲ್ಲ. ಇಲ್ಲಿ ಪ್ರತಿ ಮಡಿಕೆಯೂ ಬೇರೆ ದಿಕ್ಕಿಗೆ ಮುಖ ಮಾಡಿದೆ. ಒಂದು ಮುಖದ ಮೇಲೆ ಬಿಸಿಲಿದ್ದಾಗ ಪಕ್ಕದ್ದು ನೆರಳಲ್ಲಿರುತ್ತದೆ. ಹೊತ್ತು ಏರಿದಂತೆ ಬಿಸಿಲು ಒಂದರಿಂದ ಇನ್ನೊಂದಕ್ಕೆ ಜರುಗುತ್ತದೆ. ಬೆಳಿಗ್ಗೆ ಸುಮ್ನೆ ಕಲ್ಲಿನಂತೆ ಕಂಡ ವಿಗ್ರಹ ಸಂಜೆ ಬೇರೆಯದೇ ಆಗಿ ಕಾಣುವುದು ಇದರಿಂದ. ಸಮಯ ಇದ್ದರೆ ಮಟಮಟ ಮಧ್ಯಾಹ್ನ ಬಿಟ್ಟು ಬೇರೆ ಹೊತ್ತಿಗೆ ಹೋಗಿ.

ಬಳಪದ ಕಲ್ಲು

ಇಷ್ಟು ಮೂಲೆ, ಇಷ್ಟು ಸಣ್ಣ ಕೆಲಸ ಗ್ರಾನೈಟಿನಲ್ಲಿ ಮಾಡಲು ಹೊರಟಿದ್ದರೆ ಪ್ರಾಣ ಹೋಗುತ್ತಿತ್ತು. ತಂಜಾವೂರಿನ ಚೋಳರ ದೊಡ್ಡ ದೇವಸ್ಥಾನ ಗ್ರಾನೈಟಿನದು. ಅಲ್ಲಿನ ಅಂದ ಇರುವುದು ಗಾತ್ರದಲ್ಲಿ, ಎತ್ತರದಲ್ಲಿ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನವರು ಮರಳುಗಲ್ಲು ಬಳಸಿದರು. ಆಮೇಲೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಲಕ್ಕುಂಡಿ, ಇಟಗಿ ಕಡೆಯ ದೇವಸ್ಥಾನಗಳಲ್ಲಿ, ಬಳಪದ ಕಲ್ಲು ಬಂತು. ಹೊಯ್ಸಳರ ಶಿಲ್ಪಿಗಳು ಹಿಡಿದದ್ದು ಅದೇ ದಾರಿ. ಬೇಲೂರಿನಲ್ಲಿ ಕೆಲಸ ಮಾಡಿದ ದಾಸೋಜ, ಅವನ ಮಗ ಚಾವಣ ಬಳ್ಳಿಗಾವೆಯವರು. ಅದು ಚಾಲುಕ್ಯರ ಕಾಲದ ದೊಡ್ಡ ಊರು. ಕಲ್ಲಿನ ಜೊತೆ ಕಸುಬೂ ಹೀಗೇ ದಕ್ಷಿಣಕ್ಕೆ ಇಳಿದು ಬಂತು.

ಬಳಪದ ಕಲ್ಲಿನ ಗುಣ ಏನೆಂದರೆ, ನೆಲದಿಂದ ಹೊಸದಾಗಿ ತೆಗೆದಾಗ ಅದು ಮೆತ್ತಗಿರುತ್ತದೆ. ಸಣ್ಣ ಉಳಿಯಿಂದಲೂ ಕೊರೆಯಬಹುದು. ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತ ಬರುತ್ತದೆ. ತಿಕ್ಕಿದರೆ ಚೆನ್ನಾಗಿ ಹೊಳಪೂ ಬರುತ್ತದೆ. ಆಭರಣದ ಒಂದೊಂದು ಮಣಿ, ಬಳ್ಳಿಯ ಒಂದೊಂದು ಸುರುಳಿ ಬೇರೆ ಬೇರೆಯಾಗಿ ಎದ್ದು ನಿಲ್ಲಲು ಈ ಗುಣವೇ ಕಾರಣ. ಆದರೆ ಗಟ್ಟಿಯಾಯಿತು ಅಂದರೂ ಅದು ಗ್ರಾನೈಟಿನಷ್ಟು ಗಟ್ಟಿಯಲ್ಲ. ಸಾವಿರಾರು ಕೈಗಳು ಸವರಿದರೆ ಸವೆಯುತ್ತದೆ. ಮುಟ್ಟಬೇಡಿ ಎಂದು ಬೋರ್ಡ್ ಹಾಕುವುದು ಸುಮ್ನೆ ಅಲ್ಲ.

ಗೋಡೆಯನ್ನು ಕೆಳಗಿನಿಂದ ಓದಿ

ಜಗತಿ ಹತ್ತಿದ ಮೇಲೆ ಬಾಗಿಲೊಳಗೆ ಹೋಗುವ ಮೊದಲು ಎಡಕ್ಕೆ ತಿರುಗಿ. ಪ್ರದಕ್ಷಿಣೆಯ ದಿಕ್ಕು ಅದೇ.

ಗೋಡೆಯ ಬುಡದಲ್ಲಿ ಆರು ಪಟ್ಟಿಕೆಗಳು ಒಂದರ ಮೇಲೊಂದು ಓಡುತ್ತವೆ. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು. ಅದರ ಮೇಲೆ ಕುದುರೆ ಸವಾರರು. ಮೂರನೆಯದು ಬಳ್ಳಿ. ನಾಲ್ಕನೆಯದು ಕತೆಗಳು. ಐದನೆಯದು ಮಕರ, ಅಂದರೆ ಮೊಸಳೆ, ಆನೆ ಹೀಗೆ ಹಲವು ಪ್ರಾಣಿಗಳ ಅಂಗ ಸೇರಿಸಿ ಕಲ್ಪಿಸಿದ ನೀರಿನ ಪ್ರಾಣಿ. ಆರನೆಯದು ಹಂಸ. ಭಾರ ಹೊರುವ ಆನೆ ತಳದಲ್ಲಿ, ಹಾರುವ ಹಂಸ ಮೇಲೆ.

ಕತೆಯ ಪಟ್ಟಿಕೆ ಹೆಚ್ಚುಕಡಿಮೆ ಸೊಂಟದ ಮಟ್ಟದಲ್ಲಿದೆ, ನಡೆಯುತ್ತಲೇ ನೋಡಬಹುದು. ದಕ್ಷಿಣದ ಗರ್ಭಗುಡಿಯ ಸುತ್ತ ರಾಮಾಯಣ, ಹಿಂದೆ ಪಶ್ಚಿಮದಲ್ಲಿ ಭಾಗವತದ ಕೃಷ್ಣನ ಕತೆ, ಉತ್ತರದಲ್ಲಿ ಮಹಾಭಾರತ. ನೀವು ಪ್ರದಕ್ಷಿಣೆ ಹಾಕಿದಂತೆ ಒಂದಾದ ಮೇಲೊಂದು ಎದುರಾಗುತ್ತವೆ. ಓದು ಬರದವರಿಗೂ ಈ ಕತೆಗಳು ಹರಿಕತೆ, ಪುರಾಣ ಶ್ರವಣದಿಂದ ಗೊತ್ತಿದ್ದವು. ಹಾಗಾಗಿ ಶಿಲ್ಪಿ ಎಲ್ಲವನ್ನೂ ವಿವರಿಸಲು ಹೋಗಿಲ್ಲ. ಒಂದು ಬಿಲ್ಲು, ಒಂದು ತೊಟ್ಟಿಲು, ಒಂದು ರಥ ತೋರಿಸಿದರೆ ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಿದ್ದರು.

ಪಟ್ಟಿಕೆಗಳ ಮೇಲೆ ದೊಡ್ಡ ವಿಗ್ರಹಗಳ ಸಾಲು. ಒಂದೊಂದು ಮಡಿಕೆಗೆ ಒಂದೊಂದು ವಿಗ್ರಹ, ತಲೆಯ ಮೇಲೆ ಎಲೆಬಳ್ಳಿಯ ಚಪ್ಪರ. ಅದಕ್ಕೂ ಮೇಲೆ ಒಂದು ಸೂರು, ಸಣ್ಣ ಸಣ್ಣ ಗೋಪುರಗಳ ಸಾಲು, ಮತ್ತೊಂದು ಸೂರು. ಹೀಗೆ ಎರಡು ಸೂರು ಇರುವುದು ಹೊಯ್ಸಳರ ಆಳ್ವಿಕೆಯ ಕೊನೆಯ ಭಾಗದ ಕೆಲಸದ ಗುರುತು.

ಈ ದೊಡ್ಡ ವಿಗ್ರಹಗಳಲ್ಲಿ ಬಹಳಷ್ಟು ವಿಷ್ಣುವಿನವು. ಎಲ್ಲವೂ ಒಂದೇ ಥರ ಕಾಣುತ್ತವೆ ಎಂದು ಬೇಸರ ಪಡಬೇಡಿ, ಕೈಗಳನ್ನು ನೋಡಿ. ನಾಲ್ಕು ಕೈ, ನಾಲ್ಕು ವಸ್ತು: ಶಂಖ, ಚಕ್ರ, ಗದೆ, ಪದ್ಮ. ಯಾವ ಕೈಯಲ್ಲಿ ಯಾವುದಿದೆ ಅನ್ನುವುದರ ಮೇಲೆ ಹೆಸರು. ನಾಲ್ಕು ವಸ್ತುಗಳನ್ನು ನಾಲ್ಕು ಕೈಗಳಲ್ಲಿ 24 ರೀತಿ ಜೋಡಿಸಬಹುದು. ಸಂಧ್ಯಾವಂದನೆಯಲ್ಲಿ ಕೇಶವ, ನಾರಾಯಣ, ಮಾಧವ ಎಂದು ಶುರುವಾಗಿ ಬರುವ ಹೆಸರುಗಳೂ 24. ಕೆಳಗಿನ ಬಲಗೈಯಲ್ಲಿ ಪದ್ಮ, ಮೇಲಿನ ಬಲಗೈಯಲ್ಲಿ ಶಂಖ, ಮೇಲಿನ ಎಡಗೈಯಲ್ಲಿ ಚಕ್ರ, ಕೆಳಗಿನ ಎಡಗೈಯಲ್ಲಿ ಗದೆ ಇದ್ದರೆ ಕೇಶವ. ಸರದಿ ಬದಲಾದರೆ ಹೆಸರೂ ಬದಲಾಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಕೇಶವನನ್ನು ಹುಡುಕಲು ಹೇಳಿ, ಒಳ್ಳೆ ಆಟ ಆಗುತ್ತದೆ.

ಹೆಸರು ಬರೆದಿಟ್ಟ ಶಿಲ್ಪಿಗಳು

ವಿಗ್ರಹಗಳ ಪೀಠವನ್ನು ಗಮನವಿಟ್ಟು ನೋಡಿದರೆ ಹಳಗನ್ನಡ ಲಿಪಿಯಲ್ಲಿ ಸಣ್ಣ ಬರಹ ಸಿಗುತ್ತದೆ. ಅದು ಕೆತ್ತಿದವರ ಹೆಸರು. ಭಾರತದ ಹಳೆಯ ದೇವಸ್ಥಾನಗಳಲ್ಲಿ ಕಟ್ಟಿಸಿದವರ ಹೆಸರು ಸಿಗುವುದು ಸಾಮಾನ್ಯ, ಕಟ್ಟಿದವರದು ಅಪರೂಪ. ಹೊಯ್ಸಳರ ನಾಡಿನಲ್ಲಿ ಮಾತ್ರ ಶಿಲ್ಪಿಗಳು ಧಾರಾಳವಾಗಿ ಹೆಸರು ಹಾಕಿದ್ದಾರೆ. ಸೋಮನಾಥಪುರದಲ್ಲಿ ಎಲ್ಲರಿಗಿಂತ ಹೆಚ್ಚು ಸಿಗುವುದು ಮಲ್ಲಿತಮ್ಮನ ಹೆಸರು, ಸುಮಾರು 40 ವಿಗ್ರಹಗಳ ಕೆಳಗೆ. ಮಸಣಿತಮ್ಮ, ಚಾಮೆಯ, ಚೌಡೆಯ ಮುಂತಾದವರೂ ಇದ್ದಾರೆ. ಮಲ್ಲಿತಮ್ಮನ ಹೆಸರು ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ 1246ರ ದೇವಸ್ಥಾನದಲ್ಲೂ ಇದೆ. ಅಂದರೆ ಶಿಲ್ಪಿಗಳು ಒಂದು ಊರಿನ ಕೆಲಸ ಮುಗಿಸಿ ಇನ್ನೊಂದು ಊರಿಗೆ ಹೋಗುತ್ತಿದ್ದರು. ದೂರದೂರದ ಹೊಯ್ಸಳ ದೇವಸ್ಥಾನಗಳು ಅಣ್ಣತಮ್ಮಂದಿರಂತೆ ಕಾಣುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಒಬ್ಬ ಶಿಲ್ಪಿಯ ನಾಲ್ಕೈದು ವಿಗ್ರಹ ನೋಡಿದ ಮೇಲೆ ಇನ್ನೊಬ್ಬನದನ್ನು ನೋಡಿ. ಮುಖದ ದುಂಡು, ಆಭರಣದ ಭಾರ, ನಿಲುವು, ಎಲ್ಲದರಲ್ಲೂ ಒಬ್ಬೊಬ್ಬರದು ಒಂದೊಂದು ಕೈ.

ಒಳಗೆ: ಕಂಬ ಮತ್ತು ಮಾಡು

ಮಂಟಪಕ್ಕೆ ಬೆಳಕು ಬರುವುದು ಬಾಗಿಲಿನಿಂದ ಮತ್ತು ಜಾಲಂಧ್ರಗಳಿಂದ, ಅಂದರೆ ತೂತು ಕೊರೆದ ಕಲ್ಲಿನ ಪರದೆಗಳಿಂದ. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು.

ಕಂಬಗಳು ದುಂಡಗೆ, ಒಂದರ ಮೇಲೊಂದು ಬಳೆ, ಗಂಟೆ ಇಟ್ಟ ಹಾಗಿವೆ. ಇಷ್ಟು ಸಮವಾದ ದುಂಡು ಬರೀ ಉಳಿಯಿಂದ ಬರುವುದು ಕಷ್ಟ. ಕಲ್ಲನ್ನು ತಿರುಗಣೆಗೆ ಕೊಟ್ಟು, ತಿರುಗುತ್ತಿರುವಾಗ ಉಳಿ ಹಿಡಿದು ಆಕಾರ ಕೊಡುತ್ತಿದ್ದರು. ಇಲ್ಲೂ ಕಲ್ಲು ಮೆತ್ತಗಿದ್ದದ್ದೇ ಕೈಹಿಡಿಯಿತು.

ತಲೆ ಎತ್ತಿದರೆ ಮಾಡಿನಲ್ಲಿ 16 ಗುಳಿಗಳು, ಒಂದರ ಹಾಗೆ ಇನ್ನೊಂದಿಲ್ಲ. ನಡುವಿನಿಂದ ಬಾಳೆಮೂತಿಯಂತೆ ಮೊಗ್ಗು ಇಳಿದಿರುವುದನ್ನು ಕೆಲವು ಕಡೆ ನೋಡಬಹುದು. ಈ ಗುಳಿಗಳ ಹಿಂದೆ ಒಂದು ಉಪಾಯ ಇದೆ. ಆ ಕಾಲದ ನಮ್ಮ ಶಿಲ್ಪಿಗಳು ಕಮಾನು ಕಟ್ಟುತ್ತಿರಲಿಲ್ಲ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ, ಇಷ್ಟೇ ಅವರ ವಿಧಾನ. ನಾಲ್ಕು ತೊಲೆಗಳ ನಡುವಿನ ಚೌಕವನ್ನು ಒಂದೇ ಚಪ್ಪಡಿಯಿಂದ ಮುಚ್ಚಿದರೆ ಅದು ತನ್ನ ಭಾರಕ್ಕೇ ಬಿರುಕು ಬಿಡಬಹುದು. ಅದಕ್ಕೆ ನಾಲ್ಕು ಮೂಲೆಗಳಲ್ಲಿ ಅಡ್ಡಕ್ಕೆ ಕಲ್ಲು ಇಟ್ಟರು. ಬಾಯಿ ಕಿರಿದಾಯಿತು. ಅದರ ಮೇಲೆ ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಕೊನೆಗೆ ಉಳಿದ ಸಣ್ಣ ಕಿಂಡಿಗೆ ಒಂದು ಕಲ್ಲು ಸಾಕು. ಭಾರ ಹಂಚಲು ಮಾಡಿದ ಏರ್ಪಾಡನ್ನೇ ಅಲಂಕಾರ ಮಾಡಿಕೊಂಡರು.

ಶಿಖರಗಳು

ಸೋಮನಾಥಪುರಕ್ಕೆ ಮಿಕ್ಕ ಎರಡಕ್ಕಿಂತ ಹೆಚ್ಚಿನದು ಇರುವುದು ಇಲ್ಲಿ. ಬೇಲೂರಿನ ಶಿಖರವನ್ನು 1879ರಲ್ಲಿ ಕಟ್ಟಡ ಉಳಿಸಲು ತೆಗೆದುಹಾಕಬೇಕಾಯಿತು. ಹಳೇಬೀಡಿನಲ್ಲೂ ಈಗ ಶಿಖರ ಇಲ್ಲ. ಸೋಮನಾಥಪುರದಲ್ಲಿ ಮೂರೂ ನಿಂತಿವೆ. ಹೊಯ್ಸಳ ದೇವಸ್ಥಾನ ಬುಡದಿಂದ ತುದಿಯವರೆಗೆ ಹೇಗಿರುತ್ತಿತ್ತು ಎಂದು ಒಂದೇ ನೋಟದಲ್ಲಿ ತಿಳಿಯಬೇಕೆಂದರೆ ಇಲ್ಲಿಗೇ ಬರಬೇಕು.

ಸ್ವಲ್ಪ ದೂರ ನಿಂತು, ಗೋಡೆಯ ಒಂದು ಮೂಲೆಯನ್ನು ಹಿಡಿದು ಕಣ್ಣನ್ನು ಮೇಲಕ್ಕೆ ಒಯ್ಯಿರಿ. ಅದೇ ಮೂಲೆ ಸೂರು ದಾಟಿ, ಶಿಖರದ ಮೆಟ್ಟಿಲು ಮೆಟ್ಟಿಲಾದ ಅಂತಸ್ತುಗಳಲ್ಲಿ ಕಿರಿದಾಗುತ್ತ ತುದಿವರೆಗೆ ಹೋಗುತ್ತದೆ. ನೆಲದ ಮೇಲೆ ಬರೆದ ನಕ್ಷತ್ರವೇ ಮೇಲೂ ಮುಂದುವರಿದಿದೆ. ಅಂತಸ್ತುಗಳು ದಕ್ಷಿಣದ ದ್ರಾವಿಡ ಪದ್ಧತಿಯವು. ಉದ್ದುದ್ದ ಏರುವ ಗೆರೆಗಳು ಉತ್ತರದ ನಾಗರ ಪದ್ಧತಿಯ ಶಿಖರಗಳನ್ನು ನೆನಪಿಸುತ್ತವೆ. ಎರಡೂ ಬೆರೆತ ಇಂಥ ಕಟ್ಟಡಕ್ಕೆ ವೇಸರ ಎಂಬ ಹೆಸರು ಬಳಕೆಯಲ್ಲಿದೆ.

ಪೂಜೆ ಯಾಕಿಲ್ಲ, ಶೈಲಿ ಯಾಕೆ ನಿಂತಿತು?

ಬೇಲೂರಿನಲ್ಲಿ ಚೆನ್ನಕೇಶವನಿಗೆ ಇಂದಿಗೂ ಪೂಜೆ ನಡೆಯುತ್ತದೆ. ಸೋಮನಾಥಪುರದಲ್ಲಿ ಇಲ್ಲ. ಭಗ್ನವಾದ ಮೂರ್ತಿಗೆ ಪೂಜೆ ಸಲ್ಲದು ಎಂಬುದು ಸಂಪ್ರದಾಯ. ಇಲ್ಲಿನ ಕೇಶವನ ಮೂಲ ವಿಗ್ರಹ ಕಾಣೆಯಾಗಿದೆ, ಈಗ ಇರುವುದು ನಂತರ ತಂದಿಟ್ಟದ್ದು. ಉಳಿದ ವಿಗ್ರಹಗಳಿಗೂ ಅಲ್ಲಲ್ಲಿ ಪೆಟ್ಟಾಗಿದೆ.

ಈ ದೇವಸ್ಥಾನ ಎದ್ದು ಅರ್ಧ ಶತಮಾನ ಕಳೆಯುವುದರೊಳಗೆ ಹೊಯ್ಸಳರ ಕಾಲ ಕೆಟ್ಟಿತು. 1311ರಲ್ಲಿ ದೆಹಲಿಯ ಮಲಿಕ್ ಕಾಫೂರ್ ದೋರಸಮುದ್ರದ ಮೇಲೆ ದಾಳಿ ಮಾಡಿದ. ಮೂರನೇ ಬಲ್ಲಾಳ ಆಮೇಲೂ ಹೋರಾಡುತ್ತಲೇ ಇದ್ದ, 1343ರಲ್ಲಿ ಮಧುರೆಯ ಸುಲ್ತಾನರ ಕೈಗೆ ಸಿಕ್ಕಿ ಸತ್ತ. ಅವರ ನಾಡು ವಿಜಯನಗರದವರ ಕೈಸೇರಿತು. ವಿಜಯನಗರದವರು ಬೇಲೂರನ್ನು ಬಿಡಲಿಲ್ಲ, ಅಲ್ಲಿನ ಗೋಪುರವನ್ನು ಮತ್ತೆ ಕಟ್ಟಿಸಿದರು. ಆದರೆ ತಮ್ಮ ಹೊಸ ದೇವಸ್ಥಾನಗಳಿಗೆ ಆರಿಸಿಕೊಂಡದ್ದು ಹಂಪಿಯ ಸುತ್ತ ಬೇಕಾದಷ್ಟು ಬಿದ್ದಿದ್ದ ಗ್ರಾನೈಟನ್ನು. ಗಟ್ಟಿ ಕಲ್ಲಿಗೆ ತಕ್ಕ ಹಾಗೆ ವಿಶಾಲ ಮಂಟಪ, ದಪ್ಪ ಕಂಬ, ಎತ್ತರದ ಗೋಪುರ ಬಂದವು. ಹದಿನಾರು ಮೂಲೆಯ ಗೋಡೆ ಆ ಕಲ್ಲಿಗೆ ಹೇಳಿ ಮಾಡಿಸಿದ್ದಲ್ಲ, ಅದನ್ನು ಯಾರೂ ಮುಂದುವರಿಸಲಿಲ್ಲ.